ಮ್ಯಾಕರೋನಿ ಚೀಸ್: ಸಾಸ್ ತರಿತರಿಯಾಗಿ ಎಣ್ಣೆ ಬಿಡುತ್ತೆ, ಒವನ್‌ನಿಂದ ತೆಗೆದರೆ ಒಣಗಿರುತ್ತೆ. ಎಲ್ಲಿ ತಪ್ಪುತ್ತಿದೆ?

ಲೀಡ್ಸ್‌ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಸ್ಕೂಲಿನ ಮಧ್ಯಾಹ್ನದ ಊಟಕ್ಕೆ ಆಗಾಗ ಮ್ಯಾಕರೋನಿ ಚೀಸ್ ಇರುತ್ತೆ. ನಮ್ಮ ಇಬ್ಬರು ಮಕ್ಕಳಿಗೂ ಅದರ ಹುಚ್ಚು. ಚಳಿ ಶುರುವಾದರೆ ಮನೆಯಲ್ಲೂ ಅದೇ ಬೇಕು ಅಂತ ಹಟ. ಮಾಡಿಕೊಟ್ಟರೆ ತಿನ್ನುತ್ತಾರೆ, ಇಲ್ಲ ಅನ್ನಲ್ಲ. ಆದರೆ "ಸ್ಕೂಲಿಂದು ನುಣ್ಣಗಿರುತ್ತೆ ಅಮ್ಮಾ" ಅನ್ನುವ ಮಾತು ತಪ್ಪಿದ್ದಲ್ಲ.

ತೊಂದರೆ ಎರಡು. ಚೀಸ್ ಹಾಕುವವರೆಗೆ ಬಿಳಿ ಸಾಸ್ ಚೆನ್ನಾಗಿಯೇ ಇರುತ್ತೆ. ಚೀಸ್ ಬಿದ್ದ ಸ್ವಲ್ಪ ಹೊತ್ತಿಗೆ ಸಣ್ಣ ರವೆ ಕಲಸಿದ ಹಾಗೆ ತರಿತರಿ ಆಗಿ, ಅಂಚಿನಲ್ಲಿ ಹಳದಿ ಎಣ್ಣೆ ಕಾಣಿಸಿಕೊಳ್ಳುತ್ತೆ. ಎರಡನೆಯದು, ಒವನ್‌ನಿಂದ ಹೊರಗೆ ತೆಗೆದಾಗ ಸಾಸ್ ಎಲ್ಲಿ ಹೋಯಿತೋ ಗೊತ್ತಾಗಲ್ಲ. ಕತ್ತರಿಸಿ ಬಡಿಸುವಷ್ಟು ಗಟ್ಟಿ.

ಅಳತೆ: ಬೆಣ್ಣೆ 50 ಗ್ರಾಂ, ಮೈದಾ 50 ಗ್ರಾಂ, ಹಾಲು 500 ಮಿ.ಲೀ., ಎಕ್ಸ್‌ಟ್ರಾ ಮೆಚ್ಯೂರ್ ಚೆಡ್ಡಾರ್ ಚೀಸ್ 300 ಗ್ರಾಂ (ತುಂಬಾ ದಿನ ಹಣ್ಣಾಗಿಸಿದ್ದು, ತುರಿದೇ ಬರುವ ಪ್ಯಾಕೆಟ್), ಮ್ಯಾಕರೋನಿ 350 ಗ್ರಾಂ. ಒವನ್ 200 ಡಿಗ್ರಿ, 35 ನಿಮಿಷ. ಊರಿಂದ ಅತ್ತೆ ಬಂದಿದ್ದಾರೆ, ಹಾಗಾಗಿ ಪೂರ್ತಿ ಸಸ್ಯಾಹಾರಿಯೇ ಆಗಬೇಕು.

ಬೆಣ್ಣೆಮುದ್ದೆ

ತುರಿದ ಪ್ಯಾಕೆಟ್ಟೇ ಕಾರಣ ರೀ. ಎಳೆ ಎಳೆ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಆಲೂಗಡ್ಡೆ ಪಿಷ್ಟ ಸವರಿರುತ್ತಾರೆ. ಅದಿದ್ದರೆ ಚೀಸ್ ಸರಿಯಾಗಿ ಕರಗಲ್ಲ. ಇಡೀ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ, ಎಲ್ಲ ಸರಿಹೋಗುತ್ತೆ.

ಹೆಬ್ಬಾಳಡೇರಿ

ಮನೆಯಲ್ಲಿ ತುರಿದರೆ ಒಳ್ಳೆಯದೇ, ಆದರೆ ಇವರ ತೊಂದರೆಗೆ ಅದು ಸಣ್ಣ ಕಾರಣ. ಪಿಷ್ಟದಿಂದ ಸಾಸ್ ಸ್ವಲ್ಪ ಮಂದವಾಗಬಹುದು, ಎಣ್ಣೆ ಬಿಡುವುದಿಲ್ಲ. ಸಾಸ್‌ಗೆ ಮೈದಾ ಹಾಕಿದಾಗಲೇ ಪಿಷ್ಟ ಹಾಕಿದ ಹಾಗಾಯಿತಲ್ವಾ?

ಲೀಡ್ಸ್‌ನವರೇ, ನಾಲ್ಕು ವಿಷಯ ಹೇಳಿ. ಚೀಸ್ ಹಾಕುವಾಗ ಉರಿ ಎಷ್ಟಿರುತ್ತೆ? ಒಲೆ ಯಾವುದು? ಹಾಲು ಯಾವುದು? ಮ್ಯಾಕರೋನಿ ಎಷ್ಟು ಬೇಯಿಸುತ್ತೀರಿ?

ಲೀಡ್ಸ್‌ಅಮ್ಮ

ಉರಿ ಆಫ್ ಮಾಡಿಯೇ ಚೀಸ್ ಹಾಕೋದು. ಹಾಗೆ ಮಾಡಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ. ಒಲೆ ಗ್ಯಾಸ್ ಅಲ್ಲ, ಮೇಲೆ ಕಪ್ಪು ಗಾಜು ಇರುವ ಎಲೆಕ್ಟ್ರಿಕ್ಕು. ಇಂಡಕ್ಷನ್ ಅಲ್ಲ, ಒಳಗೆ ಕೆಂಪಗಾಗುತ್ತಲ್ಲ, ಅದು. ಚೀಸನ್ನು ಒಟ್ಟಿಗೇ ಸುರಿದು ಕರಗುವವರೆಗೆ ಕೈಯಾಡಿಸುತ್ತೇನೆ. ಹಾಲು ಹಸಿರು ಮುಚ್ಚಳದ ಸೆಮಿ ಸ್ಕಿಮ್ಡ್, ಅಂದರೆ ಅರ್ಧ ಕೆನೆ ತೆಗೆದದ್ದು. ಮ್ಯಾಕರೋನಿ ಪ್ಯಾಕೆಟ್ ಮೇಲೆ ಬರೆದಷ್ಟು, 10 ನಿಮಿಷ.

ಹೆಬ್ಬಾಳಡೇರಿ

ಕಳ್ಳ ಸಿಕ್ಕಿಬಿದ್ದ. ನಿಮ್ಮ ಒಲೆ!

ಗ್ಯಾಸ್ ಒಲೆಯಲ್ಲಿ ಕಿವಿ ತಿರುಗಿಸಿದರೆ ಉರಿ ಹೋಯಿತು. ಗಾಜಿನ ಎಲೆಕ್ಟ್ರಿಕ್ ಒಲೆ ಆಫ್ ಮಾಡಿದರೂ ಆ ಗಾಜು ಎಷ್ಟೋ ಹೊತ್ತು ಸುಡುತ್ತಲೇ ಇರುತ್ತೆ. ಆಫ್ ಮಾಡಿದ ಮೇಲೂ ಸಣ್ಣ ಕೆಂಪು ದೀಪ ಉರಿಯುತ್ತಿರುತ್ತಲ್ಲ, ಅದು ಹೇಳುವುದು ಅದನ್ನೇ. ನೀವು ಪಾತ್ರೆಯನ್ನು ಅಲ್ಲೇ ಬಿಟ್ಟು ಕೈಯಾಡಿಸುತ್ತಿದ್ದೀರಿ. ಲೆಕ್ಕಕ್ಕೆ ಉರಿ ಇಲ್ಲ, ಚೀಸ್ ಮಾತ್ರ ಕೆಳಗಿಂದ ಬೇಯುತ್ತಾ ಇದೆ.

ಬೆಂದರೆ ಏನಾಗುತ್ತೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಹೆಬ್ಬಾಳದ ಡೇರಿ ಕಾಲೇಜಿನಲ್ಲಿ ಓದಿದ ಚಟ, ಬೇಸರವಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. ಚೆಡ್ಡಾರ್‌ನಲ್ಲಿ ಹಾಲಿನ ಪ್ರೋಟೀನು, ಅಂದರೆ ಕೇಸಿನ್, ಕ್ಯಾಲ್ಸಿಯಂ ಹಿಡಿತದಲ್ಲಿ ಒಂದಕ್ಕೊಂದು ಹೆಣೆದುಕೊಂಡು ನಿಂತಿರುತ್ತೆ. ಕೊಬ್ಬು, ನೀರು ಎರಡೂ ಆ ಹೆಣಿಗೆಯ ಒಳಗಿರುತ್ತವೆ. ಹದವಾಗಿ ಬಿಸಿಯಾದರೆ ಹೆಣಿಗೆ ಸಡಿಲವಾಗಿ ಚೀಸ್ ಹರಿಯುತ್ತೆ. ಬಿಸಿ ಜಾಸ್ತಿಯಾದರೆ ಅದೇ ಹೆಣಿಗೆ ಬಿಗಿದುಕೊಂಡು ಕೊಬ್ಬನ್ನು ಹಿಂಡಿ ಹೊರಗೆ ಹಾಕುತ್ತೆ. ನಿಮ್ಮ ನಾಲಿಗೆಗೆ ಸಿಗುವ ತರಿ ಬಿಗಿದ ಪ್ರೋಟೀನು. ಅಂಚಿನ ಹಳದಿ ಎಣ್ಣೆ ಹೊರಬಿದ್ದ ಕೊಬ್ಬು. ಚೀಸ್ ಹಳೆಯದಾದಷ್ಟೂ ಅದರ ಪ್ರೋಟೀನು ತುಂಡಾಗಿರುತ್ತೆ, ನೀರೂ ಕಡಿಮೆ. ಅದಕ್ಕೇ ರುಚಿ ಜಾಸ್ತಿ, ಅದಕ್ಕೇ ಬೇಗ ಒಡೆಯುತ್ತೆ. ನೀವು ಪೂರ್ತಿ ಎಕ್ಸ್‌ಟ್ರಾ ಮೆಚ್ಯೂರ್ ಹಾಕುತ್ತಿದ್ದೀರಿ. ಅರ್ಧ ಅದು, ಅರ್ಧ ಮೈಲ್ಡ್ ಚೆಡ್ಡಾರೋ ರೆಡ್ ಲೆಸ್ಟರೋ ಹಾಕಿ ನೋಡಿ. ರೆಡ್ ಲೆಸ್ಟರ್‌ನ ಕಿತ್ತಳೆ ಬಣ್ಣ ಅನಾಟೊ ಬೀಜದ್ದು. ಮಕ್ಕಳಿಗೆ ಆ ಬಣ್ಣವೂ ಇಷ್ಟವಾಗುತ್ತೆ.

ನಾವು ಮಜ್ಜಿಗೆಹುಳಿಗೆ ಮಜ್ಜಿಗೆ ಹಾಕಿದ ಮೇಲೆ ಕೊತಕೊತ ಕುದಿಸುತ್ತೇವಾ? ಅಂಚಿನಲ್ಲಿ ನೊರೆ ಬರುತ್ತಿದ್ದ ಹಾಗೇ ಇಳಿಸಿಬಿಡುತ್ತೇವೆ. ಇಲ್ಲೂ ಕೈ ಅಷ್ಟೇ ಹುಷಾರಾಗಿರಬೇಕು.

ಮಾಡುವುದು ಹೀಗೆ. ಬೆಣ್ಣೆ ಸಣ್ಣ ಉರಿಯಲ್ಲಿ ಕರಗಲಿ. ಮೈದಾ ಹಾಕಿ ಹಸಿ ವಾಸನೆ ಹೋಗುವವರೆಗೆ, ಎರಡು ನಿಮಿಷ, ಹುರಿಯಿರಿ. ಬಣ್ಣ ತಿರುಗಬಾರದು. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಂಟಿಲ್ಲದ ಹಾಗೆ ಕಲಸಿ. ಮೊದಲ ಅರ್ಧ ಲೋಟ ಹಾಲಿಗೆ ಅದು ಗಟ್ಟಿ ಮುದ್ದೆಯಾಗುತ್ತೆ, ಹೆದರಬೇಡಿ, ಅಲ್ಲೇ ಗಂಟು ಒಡೆಯಬೇಕಾದದ್ದು. ಹಾಲು ಪೂರ್ತಿ ಸೇರಿದ ಮೇಲೆ ಐದು ನಿಮಿಷ ಸಣ್ಣಗೆ ಕುದಿಯಲಿ. ಇಲ್ಲಿ ಕುದಿಯಲೇಬೇಕು, ಇಲ್ಲದಿದ್ದರೆ ಮೈದಾ ಪೂರ್ತಿ ಅರಳುವುದಿಲ್ಲ. ಆಮೇಲೆ ಪಾತ್ರೆಯನ್ನು ಒಲೆಯಿಂದ ಎತ್ತಿ ಮರದ ಹಲಗೆ ಮೇಲೋ ಮಡಚಿದ ಬಟ್ಟೆ ಮೇಲೋ ಇಡಿ. ಎರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ಚೀಸ್, ಒಂದೊಂದೇ ಹಿಡಿ. ಮೊದಲ ಹಿಡಿ ಕಾಣದಂತೆ ಕರಗಿದ ಮೇಲೆ ಎರಡನೆಯದು. ಕೊನೆಯ ಹಿಡಿ ಕರಗಲು ಸ್ವಲ್ಪ ಸೋಮಾರಿತನ ಮಾಡುತ್ತೆ, ಆಗಲೂ ಪಾತ್ರೆಯನ್ನು ವಾಪಸ್ ಒಲೆಗೆ ಇಡಬೇಡಿ.

ಹಾಲು ನೀಲಿ ಮುಚ್ಚಳದ್ದು, ಅಂದರೆ ಕೆನೆ ತೆಗೆಯದ್ದು, ತನ್ನಿ. ಸೆಮಿ ಸ್ಕಿಮ್ಡ್‌ನಲ್ಲೂ ಆಗುತ್ತೆ, ಆದರೆ ರುಚಿ ಬಡವಾಗುತ್ತೆ.

ಬೆಣ್ಣೆಮುದ್ದೆ

ಒಪ್ಪಿದೆ. ಒಲೆ ಯಾವುದು ಅಂತ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಎರಡನೇ ತೊಂದರೆ ಬಗ್ಗೆ ನಾನು ಹೇಳುತ್ತೇನೆ, ಬೇಕಿಂಗ್ ನನ್ನ ಏರಿಯಾ.

ನಿಮ್ಮ ಸಾಸ್ ಮೊದಲಿಗೇ ಗಟ್ಟಿ. 500 ಮಿ.ಲೀ.ಗೆ 50 ಗ್ರಾಂ ಮೈದಾ ಅಂದರೆ ಚಮಚ ನೆಟ್ಟಗೆ ನಿಲ್ಲುತ್ತೆ. ಅದಕ್ಕೆ 350 ಗ್ರಾಂ ಮ್ಯಾಕರೋನಿ. ಒವನ್‌ನಲ್ಲಿ ಅದು ಇನ್ನೂ ಕುಡಿಯುತ್ತೆ. ನಾಲ್ಕು ಜನಕ್ಕೆ ನಾನು ಹಾಕುವುದು ಮ್ಯಾಕರೋನಿ 300 ಗ್ರಾಂ, ಬೆಣ್ಣೆ 40, ಮೈದಾ 40, ಹಾಲು 700 ಮಿ.ಲೀ., ಚೀಸ್ 250. ಚೀಸ್ ಸೇರಿದ ಮೇಲೂ ಸಾಸ್ ಸೌಟಿನಿಂದ ಧಾರೆಯಾಗಿ ಇಳಿಯಬೇಕು. ಟ್ರೇಗೆ ಸುರಿದಾಗ "ಅಯ್ಯೋ ನೀರಾಯ್ತು" ಅನ್ನಿಸಬೇಕು. ಅನ್ನಿಸದಿದ್ದರೆ ಇನ್ನೊಂದು ಸ್ವಲ್ಪ ಬಿಸಿ ಹಾಲು ಹಾಕಿ.

ಮ್ಯಾಕರೋನಿಯನ್ನು ಪ್ಯಾಕೆಟ್ ಹೇಳಿದ್ದಕ್ಕಿಂತ ಎರಡು ಮೂರು ನಿಮಿಷ ಮೊದಲೇ ಬಸಿಯಿರಿ. ಕಚ್ಚಿದರೆ ನಡುವೆ ಬಿಳಿ ಚುಕ್ಕೆ ಕಾಣಬೇಕು. ಉಳಿದದ್ದು ಸಾಸ್‌ನಲ್ಲಿ ಬೇಯುತ್ತೆ. ಬೇಯಿಸುವ ನೀರಿಗೆ ಉಪ್ಪು ಸರಿಯಾಗಿ ಇರಲಿ. ಆಮೇಲೆ ಎಷ್ಟು ಉಪ್ಪು ಉದುರಿಸಿದರೂ ಒಳಗಿನ ಸಪ್ಪೆ ಹೋಗಲ್ಲ.

35 ನಿಮಿಷ ತುಂಬಾ ಜಾಸ್ತಿ ರೀ. ಒಳಗಿರುವುದೆಲ್ಲ ಬೆಂದಿದೆ, ಬಿಸಿ ಇದೆ. ಒವನ್‌ಗೆ ಇಡುವುದು ಮೇಲಿನ ಪದರ ಕೆಂಪಗಾಗಲಿ ಅಂತ ಅಷ್ಟೇ. 200 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಸಾಕು, ಫ್ಯಾನ್ ಇದ್ದರೆ 180. ಅವಸರ ಇದ್ದರೆ ಗ್ರಿಲ್ ಕೆಳಗೆ ಐದು ನಿಮಿಷ. ಜಾಸ್ತಿ ಹೊತ್ತು ಇಟ್ಟರೆ ಹೆಬ್ಬಾಳದವರು ಹೇಳಿದ್ದೇ ಟ್ರೇ ಒಳಗೂ ನಡೆಯುತ್ತೆ.

ಮತ್ತೆ ಒವನ್ ಕಡ್ಡಾಯ ಏನಲ್ಲ. ಸ್ಕೂಲಿನಂತೆ ನುಣ್ಣಗೆ ಬೇಕು ಅಂದರೆ ಮ್ಯಾಕರೋನಿ ಪೂರ್ತಿ ಬೇಯಿಸಿ, ಸಾಸ್‌ಗೆ ಹಾಕಿ, ಪಾತ್ರೆಯಿಂದ ನೇರ ತಟ್ಟೆಗೆ. ನನಗೆ ಕೇಳಿದರೆ ಮಕ್ಕಳಿಗೆ ಇದೇ ಇಷ್ಟ. ಮೇಲಿನ ಕರುಂ ಕುರುಂ ಪದರ ದೊಡ್ಡವರ ಆಸೆ.

ಓಟಿಜಿಸುಂದರಿ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ಬೆಂಗಳೂರಿನಲ್ಲಿ. ಇಲ್ಲಿ ಚೆಡ್ಡಾರ್ ದೊಡ್ಡ ಅಂಗಡಿಗಳಲ್ಲಿ ಸಿಗುತ್ತೆ, ಬೆಲೆ ನೋಡಿ ಮೆಲ್ಲಗೆ ವಾಪಸ್ ಇಡುತ್ತೇನೆ. ಅಮುಲ್ ಕ್ಯೂಬ್‌ನಲ್ಲಿ ಆಗುತ್ತಾ? ಮೊಜರೆಲ್ಲಾ ಹಾಕಿದರೆ ಸಾಸ್ ಆಗದೆ ಸೌಟಿಗೆ ಸುತ್ತಿಕೊಂಡು ದಾರ ದಾರ ಬರುತ್ತೆ, ತಣ್ಣಗಾದರೆ ರಬ್ಬರ್. ಇನ್ನೊಂದು, ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದಾ? ಮನೆಯಲ್ಲಿ ಮೈದಾ ಕಂಡರೆ ಆಗಲ್ಲ.

ಹೆಬ್ಬಾಳಡೇರಿ

ಅಮುಲ್ ಕ್ಯೂಬ್‌ನಲ್ಲಿ ಧಾರಾಳವಾಗಿ ಆಗುತ್ತೆ. ಒಡೆಯುವ ಭಯ ಇರುವವರಿಗೆ ಅದೇ ಸುಲಭ. ಅದು ಪ್ರೊಸೆಸ್ಡ್ ಚೀಸ್. ನಾನು ಮೇಲೆ ಹೇಳಿದ ಕ್ಯಾಲ್ಸಿಯಂ ಹಿಡಿತವನ್ನು ಸಡಿಲಿಸುವ ಲವಣಗಳನ್ನು ಅದಕ್ಕೆ ಮೊದಲೇ ಸೇರಿಸಿರುತ್ತಾರೆ. ಹಾಗಾಗಿ ಪ್ರೋಟೀನು ಬಿಗಿದುಕೊಳ್ಳದೆ ಕೊಬ್ಬನ್ನು ಹಿಡಿದಿಟ್ಟುಕೊಳ್ಳುತ್ತೆ. 1911ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ವಾಲ್ಟರ್ ಗರ್ಬರ್, ಫ್ರಿಟ್ಜ್ ಸ್ಟೆಟ್ಲರ್ ಅನ್ನುವವರು ಸೋಡಿಯಂ ಸಿಟ್ರೇಟ್ ಹಾಕಿ ಇದನ್ನು ಸಾಧಿಸಿದರು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. 1937ರಲ್ಲಿ ಅವರ ಕಂಪನಿಯೇ ಡಬ್ಬದ ಮ್ಯಾಕರೋನಿ ಚೀಸನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ, ಕೆನಡಾದಲ್ಲಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಮ್ಯಾಕ್ ಅಂಡ್ ಚೀಸ್ ಅಂದರೆ ಆ ಡಬ್ಬವೇ.

ಕ್ಯೂಬ್‌ನಲ್ಲಿ ಉಪ್ಪು ಜಾಸ್ತಿ ಇರುತ್ತೆ. ಸಾಸ್‌ಗೆ ಬೇರೆ ಉಪ್ಪು ಬೇಡ, ಕೊನೆಯಲ್ಲಿ ರುಚಿ ನೋಡಿ. ಚೆಡ್ಡಾರ್‌ನ ಆ ಖಾರದ ಹುಳಿ ಮಾತ್ರ ಇದರಲ್ಲಿ ಸಿಗಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಎಲ್ಲಾದರೂ ಸ್ವಲ್ಪ ಚೆಡ್ಡಾರ್ ಸಿಕ್ಕರೆ ಮುಕ್ಕಾಲು ಪಾಲು ಕ್ಯೂಬ್, ಕಾಲು ಪಾಲು ಅದು ಹಾಕಿ. ರುಚಿಯೂ ಬರುತ್ತೆ, ಒಡೆಯುವುದೂ ಇಲ್ಲ. ಮೊಜರೆಲ್ಲಾ ಹುಟ್ಟಿರುವುದೇ ಎಳೆಯುವುದಕ್ಕೆ, ಅದನ್ನು ಮೇಲೆ ಉದುರಿಸಲು ಇಟ್ಟುಕೊಳ್ಳಿ.

ಗೋಧಿ ಹಿಟ್ಟಿನಲ್ಲಿ ತೌಡಿರುವುದರಿಂದ ಸಾಸ್ ಕಂದಾಗಿ ಸ್ವಲ್ಪ ಒರಟಾಗುತ್ತೆ. ತಿನ್ನಲು ತೊಂದರೆ ಇಲ್ಲ. ಮೈದಾ ಬೇಡವೇ ಬೇಡ ಅಂದರೆ ಕಾರ್ನ್‌ಫ್ಲೋರ್ ಒಳ್ಳೆಯದು. ಮೈದಾದ ಅರ್ಧದಷ್ಟು ಸಾಕು. ತಣ್ಣನೆಯ ಹಾಲಿನಲ್ಲಿ ಕದಡಿ, ಬಿಸಿ ಹಾಲಿಗೆ ಸುರಿದು ಕುದಿಸಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಮಾಡುವುದಾದರೆ ಎರಡು ಚಮಚ ಕೆನೆ ಸೇರಿಸಿ.

ಮ್ಯಾಕರೋನಿ ಪ್ಯಾಕೆಟ್ ಹಿಂದೆಯೂ ಒಂದು ಸಲ ಕಣ್ಣಾಡಿಸಿ. ಡ್ಯೂರಮ್ ಗೋಧಿಯದ್ದು ಅಂತ ಇದ್ದರೆ ಗಟ್ಟಿ ನಿಲ್ಲುತ್ತೆ. ಬಿಡಿಯಾಗಿ ತೂಗಿ ಕೊಡುವ ಮೈದಾ ಮ್ಯಾಕರೋನಿ ಬೇಗ ಮೆತ್ತಗಾಗುತ್ತೆ. ಐದನೇ ನಿಮಿಷದಿಂದಲೇ ಒಂದೊಂದು ತೆಗೆದು ಕಚ್ಚಿ ನೋಡುತ್ತಿರಿ.

ಎಡಿನ್‌ಬರೋಚಳಿ

ಸಸ್ಯಾಹಾರಿ ಅಂದಿರಲ್ಲ, ಅದಕ್ಕೆ ಎರಡು ಮಾತು. ಇಲ್ಲಿನ ಎಷ್ಟೋ ರೆಸಿಪಿಗಳಲ್ಲಿ ಕೊನೆಗೆ ಪಾರ್ಮೆಸಾನ್ ಚೀಸ್ ಉದುರಿಸಿ, ಸ್ವಲ್ಪ ವೂಸ್ಟರ್ ಸಾಸ್ ಹಾಕಿ ಅಂತ ಇರುತ್ತೆ. ಎರಡೂ ನಿಮ್ಮ ಅತ್ತೆಯವರಿಗೆ ಆಗಲ್ಲ. ಅಸಲಿ ಪಾರ್ಮೆಸಾನ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹಾಲು ಒಡೆಸಬೇಕು, ಅದು ಅದರ ನಿಯಮ. ಗ್ರುಯೇರ್ ಚೀಸ್ ಕೂಡ ಹಾಗೇ. ಸಾಮಾನ್ಯ ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತೆ. ಬ್ರಿಟನ್ನಿನ ಅಂಗಡಿಯ ಚೆಡ್ಡಾರ್‌ಗಳಲ್ಲಿ ಬಹಳಷ್ಟು ಸಸ್ಯಾಹಾರಿಗಳಿಗೆ ಸರಿಹೊಂದುವಂಥವೇ, ಆದರೆ ಎಲ್ಲವೂ ಅಲ್ಲ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಓದಿಯೇ ತನ್ನಿ.

ರುಚಿಗೆ ಇಂಗ್ಲಿಷ್ ಸಾಸಿವೆ ಪುಡಿ ಅರ್ಧ ಟೀ ಚಮಚ, ಜಾಯಿಕಾಯಿ ಒಂದೆರಡು ಸಲ ತುರಿದು ಹಾಕಿ. ಸಾಸಿವೆ ಇದೆ ಅಂತ ಗೊತ್ತಾಗಬಾರದು, ಚೀಸ್ ಮಾತ್ರ ಇನ್ನಷ್ಟು ಚೀಸ್ ಅನ್ನಿಸಬೇಕು. ಮೊದಲೇ ಹಾಕಿ ಕುದಿಸಿದರೆ ಘಾಟು ಹೋಗುತ್ತೆ, ಅದಕ್ಕೆ ಚೀಸ್ ಜೊತೆಗೇ ಹಾಕುವುದು.

ವಿಷಯಕ್ಕೆ ಸ್ವಲ್ಪ ಆಚೆಯದು: ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಬ್ರಿಟನ್ನಿನಲ್ಲಿ ಚೀಸ್ ರೇಷನ್ ಆಗಿತ್ತು. 1954ರವರೆಗೂ ನಡೆಯಿತು. ಮೊದಲಿಗೆ ವಾರಕ್ಕೆ ತಲೆಗೆ ಒಂದು ಔನ್ಸ್, ಅಂದರೆ 28 ಗ್ರಾಂ! ಆದರೆ ಮಾಂಸದ ಕೂಪನ್ ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೆ ಜಾಸ್ತಿ ಚೀಸ್ ಕೊಡುತ್ತಿದ್ದರಂತೆ. ಅತ್ತೆಯವರಿಗೆ ಹೇಳಿ, ಖುಷಿಪಡುತ್ತಾರೆ. ಇಲ್ಲಿ ಸ್ಕಾಟ್ಲೆಂಡಿನಲ್ಲಂತೂ ಮ್ಯಾಕರೋನಿ ಚೀಸನ್ನು ಗಟ್ಟಿ ಹಿಟ್ಟಿನ ಬಟ್ಟಲಿಗೆ ತುಂಬಿ ಪೈ ಮಾಡಿ ಬೇಕರಿಯಲ್ಲಿ ಮಾರುತ್ತಾರೆ. ಹಿಟ್ಟಿನೊಳಗೆ ಹಿಟ್ಟು. ಮಳೆ ಗಾಳಿಯಲ್ಲಿ ಬಸ್ಸಿಗೆ ಕಾಯುತ್ತಾ ತಿಂದರೆ ಅದರ ಬೆಲೆ ಗೊತ್ತಾಗುತ್ತೆ.

ಲೀಡ್ಸ್‌ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಾಡಿದೆ. ಬೆಣ್ಣೆಮುದ್ದೆಯವರ ಅಳತೆ, ಹೆಬ್ಬಾಳದವರ ಕ್ರಮ. ಪಾತ್ರೆ ಎತ್ತಿ ಚಪಾತಿ ಮಣೆ ಮೇಲೆ ಇಟ್ಟೆ. ಸಾಸ್ ಒಡೆಯಲಿಲ್ಲ! ಸೌಟು ಎತ್ತಿದರೆ ರಿಬ್ಬನ್ ತರ ಇಳಿಯುತ್ತಿತ್ತು. ಒವನ್‌ನಲ್ಲಿ ಇಟ್ಟ ಮೇಲೂ ಒಳಗೆ ಸಾಸ್ ಸಾಸಾಗೇ ಇತ್ತು. ದೊಡ್ಡವನು ಎರಡನೇ ಸಲ ಹಾಕಿಸಿಕೊಂಡ. ಚಿಕ್ಕವಳು ಬಟಾಣಿಯನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟಳು, ಅದು ಇದ್ದದ್ದೇ.

ಅತ್ತೆ ಮೊದಲು "ಇದೇನೇ, ಉಪ್ಪಿಲ್ಲ ಹುಳಿಯಿಲ್ಲ" ಅಂದರು. ಆಮೇಲೆ ಒಳಗಿಂದ ಮಾವಿನಕಾಯಿ ಉಪ್ಪಿನಕಾಯಿ ತಂದು ಪಕ್ಕದಲ್ಲಿ ಹಾಕಿಕೊಂಡು ತಟ್ಟೆ ಖಾಲಿ ಮಾಡಿದರು. ನಾನೂ ತಿಂದು ನೋಡಿದೆ. ಚೀಸ್‌ಗೆ ಉಪ್ಪಿನಕಾಯಿ ರಸ ಬೆರೆತ ಜಾಗ ಚೆನ್ನಾಗಿರುತ್ತೆ ಕಣ್ರೀ. ಇಲ್ಲಿಯವರು ಪಕ್ಕಕ್ಕೆ ಕೆಚಪ್ ಹಾಕಿಕೊಳ್ಳುತ್ತಾರೆ, ಅದಕ್ಕಿಂತ ಇದು ಮೇಲು.

ಒಂದೇ ದೂರು. ಮೇಲೆ ಬ್ರೆಡ್ ಪುಡಿ ಹಾಕಿದ್ದೆ, ಗ್ರಿಲ್ ಕೆಳಗೆ ಒಂದು ಮೂಲೆ ಕರಿದಾಯಿತು, ಉಳಿದದ್ದು ಬಿಳಿಯಾಗೇ ಉಳಿಯಿತು. ಮತ್ತೆ, ಮುಂದೆ ಯಾವತ್ತಾದರೂ ಸಾಸ್ ಒಡೆದರೆ ಉಳಿಸಿಕೊಳ್ಳುವ ದಾರಿ ಇದೆಯಾ?

ಬೆಣ್ಣೆಮುದ್ದೆ

ಬ್ರೆಡ್ ಪುಡಿಯನ್ನು ಒಣಗಿದ್ದು ಒಣಗಿದಂತೇ ಉದುರಿಸಿರುತ್ತೀರಿ. ಒಂದು ಚಮಚ ಕರಗಿಸಿದ ಬೆಣ್ಣೆಯಲ್ಲಿ ಕಲಸಿ ಉದುರಿಸಿ, ಎಲ್ಲ ಕಡೆ ಒಂದೇ ಬಣ್ಣ ಬರುತ್ತೆ. ಟ್ರೇಯನ್ನು ಗ್ರಿಲ್‌ನಿಂದ ಒಂದು ಅರೆ ಕೆಳಗೆ ಇಡಿ, ನಡುವೆ ಒಮ್ಮೆ ತಿರುಗಿಸಿ. ಬೆಂಗಳೂರಿನ ಓಟಿಜಿಯವರೂ ಕೇಳಿಸಿಕೊಳ್ಳಿ, ನಿಮ್ಮ ಆ ಪುಟ್ಟ ಎಲೆಕ್ಟ್ರಿಕ್ ಒವನ್‌ನಲ್ಲಿ ಮೇಲಿನ ರಾಡ್ ಟ್ರೇಗೆ ಇನ್ನೂ ಹತ್ತಿರ. ಕೆಳಗಿನ ಅರೆಯಲ್ಲೇ ಇಡಿ, ಬಾಗಿಲ ಮುಂದೆ ನಿಂತೇ ಇರಿ.

ಹೆಬ್ಬಾಳಡೇರಿ

ಒಡೆದರೆ ಮೊದಲು ಬಿಸಿಯಿಂದ ಎತ್ತಿ. ಎರಡು ಮೂರು ಚಮಚ ತಣ್ಣನೆಯ ಹಾಲು ಹಾಕಿ ಜೋರಾಗಿ ಕಡೆಯಿರಿ. ಆಗಷ್ಟೇ ಒಡೆಯಲು ಶುರುವಾಗಿದ್ದರೆ ಇದರಲ್ಲೇ ಕೂಡಿಕೊಳ್ಳುತ್ತೆ. ಆಗದಿದ್ದರೆ ಒಂದು ಪ್ರೊಸೆಸ್ಡ್ ಚೀಸ್ ಸ್ಲೈಸ್ ಹರಿದು ಹಾಕಿ, ಅದರೊಳಗಿನ ಲವಣ ಉಳಿದದ್ದಕ್ಕೂ ಸ್ವಲ್ಪ ಕೆಲಸ ಮಾಡುತ್ತೆ. ಹ್ಯಾಂಡ್ ಬ್ಲೆಂಡರ್ ಇದ್ದರೆ ಪಾತ್ರೆಯಲ್ಲೇ ಒಂದು ಸುತ್ತು ಹೊಡೆಯಿರಿ. ಬಿಸಿ ಸಾಸನ್ನು ಮಿಕ್ಸಿ ಜಾರಿಗೆ ಹಾಕಿ ಮುಚ್ಚಳ ಒತ್ತಬೇಡಿ, ಹಬೆಗೆ ಮುಚ್ಚಳ ಹಾರಿ ಮೈಮೇಲೆ ಬೀಳುತ್ತೆ. ತುಂಬಾ ಹೊತ್ತು ಕುದ್ದು ಮೊಸರುಮೊಸರಾಗಿದ್ದರೆ ಮತ್ತೆ ನುಣ್ಣಗಾಗಲ್ಲ. ಬೇಯಿಸಿದ ಹೂಕೋಸಿನ ಮೇಲೆ ಸುರಿದು ಒವನ್‌ಗೆ ಇಟ್ಟುಬಿಡಿ, ಅಲ್ಲಿ ಯಾರೂ ಕೇಳಲ್ಲ.

ಓಟಿಜಿಸುಂದರಿ

ಕೊನೆಯ ಪ್ರಶ್ನೆ. ಮಗಳಿಗೆ ಮಧ್ಯಾಹ್ನದ ಡಬ್ಬಿಗೆ ಹಾಕಿದರೆ ಇಟ್ಟಿಗೆಯಾಗಿ ವಾಪಸ್ ಬರುತ್ತೆ. ಬೆಳಿಗ್ಗೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಎಣ್ಣೆ.

ಬೆಣ್ಣೆಮುದ್ದೆ

ತಣ್ಣಗಾದರೆ ಪಿಷ್ಟ ಗಟ್ಟಿಯಾಗಲೇಬೇಕು, ಅದನ್ನು ತಪ್ಪಿಸಲು ಆಗಲ್ಲ. ಡಬ್ಬಿಯ ಪಾಲನ್ನು ರಾತ್ರಿಯೇ ಬೇರೆ ತೆಗೆದು ಅದಕ್ಕೆ ಕಾಲು ಲೋಟ ಹಾಲು ಕಲಸಿ, ಆರಿದ ಕೂಡಲೇ ಫ್ರಿಜ್‌ಗೆ ಇಡಿ. ಬೆಳಿಗ್ಗೆ ಪುಟ್ಟ ಪಾತ್ರೆಯಲ್ಲಿ, ಇನ್ನೆರಡು ಚಮಚ ಹಾಲು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಬಿಸಿ ಮಾಡಿ. ಮೈಕ್ರೋವೇವೇ ಬೇಕು ಅಂದರೆ ಅರ್ಧ ಪವರ್‌ನಲ್ಲಿ, ಅರ್ಧರ್ಧ ನಿಮಿಷಕ್ಕೆ ನಿಲ್ಲಿಸಿ ಕಲಕುತ್ತಾ. ಸ್ಟೀಲ್ ಡಬ್ಬಿ ಬದಲು ಅಗಲ ಬಾಯಿಯ ಥರ್ಮೋಸ್ ತಗೊಳ್ಳಿ. ಅದಕ್ಕೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಮುಚ್ಚಿಡಿ, ಚೆಲ್ಲಿ, ಒರೆಸಿ, ಬಿಸಿ ಬಿಸಿ ಮ್ಯಾಕರೋನಿ ಹಾಕಿ. ಹಾಕುವಾಗ ಸೂಪಿನಂತೆ ತೆಳ್ಳಗಿದ್ದರೂ ಸರಿ, ಊಟದ ಬೆಲ್ ಹೊಡೆಯುವ ಹೊತ್ತಿಗೆ ಹದಕ್ಕೆ ಬಂದಿರುತ್ತೆ. ಒಂದು ಚಮಚ ಜೊತೆಗೆ ಹಾಕುವುದು ಮರೆಯಬೇಡಿ, ಫೋರ್ಕ್ ಕೊಟ್ಟರೆ ಸಾಸ್ ಎಲ್ಲ ತಳದಲ್ಲೇ ಉಳಿಯುತ್ತೆ.